ಓಬಳೇಶನ ಬಾಗಿಲಿಗೆ ಬಂದ ಪಾದುಕೆ

ಆ ವರ್ಷ ಮಠದ ಅಜ್ಜನ ಪಾದುಕೆಗಳು ಓಬಳೇಶನ ಬಾಗಿಲಿಗೆ ಹೋಗಿವೆ ಎಂದು ನನಗೆ ಬಂದು ಹೇಳಿದವರು ಪೂಜೆಯ ಶರಭಯ್ಯನವರು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಅಂಗಳದ ನಲ್ಲಿಯನ್ನೇ ನೋಡುತ್ತಿದ್ದರು. ನಾನು ಕೂತು ತಾಮ್ರದ ಕೊಡಕ್ಕೆ ಬೂದಿ ಹಚ್ಚಿ ತಿಕ್ಕುತ್ತಿದ್ದೆ. ಆಷಾಢದ ಹುಣ್ಣಿಮೆಯ ಬೆಳಿಗ್ಗೆ ಆ ಕೊಡ ಹೊಳೆಯಬೇಕು. ನಮ್ಮತ್ತೆಯೂ ತಿಕ್ಕುತ್ತಿದ್ದರು, ಅವರತ್ತೆಯೂ ತಿಕ್ಕುತ್ತಿದ್ದರು.

"ಯಾವ ಓಬಳೇಶ?" ಅಂದೆ. ಊರಿನಲ್ಲಿ ಇರುವುದು ಒಬ್ಬನೇ ಓಬಳೇಶ ಎಂದು ನನಗೆ ಗೊತ್ತಿತ್ತು.

"ಅವನೇ, ದಾನಮ್ಮ," ಅಂದರು ಶರಭಯ್ಯ. "ನಾನೇ ಹೋಗಿ ನೋಡಿ ಬಂದೆ. ಅವನೇ."

ಹನ್ನೊಂದು ವರ್ಷದ ಹಿಂದೆ, ಕ್ರಷರ್ ರಸ್ತೆಯ ತಿರುವಿನಲ್ಲಿ, ನನ್ನ ಮಗಳು ಇಂದುಮತಿಯ ಮೇಲೆ ಜಲ್ಲಿ ಲಾರಿ ಹರಿಸಿದವನು ಓಬಳೇಶ. ಅವಳಿಗೆ ಹದಿನೇಳು. ಇನ್ನೊಂದು ಮಗು ನಮಗಿರಲಿಲ್ಲ.

ನಮ್ಮ ಊರಿನ ಮಠಕ್ಕೆ ಸ್ವಾಮಿಗಳಿಲ್ಲ. ನಾವು ಅಜ್ಜ ಅನ್ನುವ ಹಿಂದಿನ ಸ್ವಾಮಿಗಳು ದೇಹ ಬಿಟ್ಟ ಮೇಲೆ ಆ ಪೀಠದ ಮೇಲೆ ಯಾರೂ ಕಾಯಂ ಕೂತಿಲ್ಲ. ವರ್ಷಕ್ಕೊಂದು ಸಲ, ಆಷಾಢ ಹುಣ್ಣಿಮೆಯ ಬೆಳಗಿಗೆ, ಅವರ ಕಟ್ಟಿಗೆಯ ಪಾದುಕೆಗಳು ಗರ್ಭಗುಡಿಯಲ್ಲಿ ಇರುವುದಿಲ್ಲ. ಯಾರದೋ ಹೊಸ್ತಿಲ ಮುಂದೆ ಇರುತ್ತವೆ. ಆ ಮನೆಯವರು ಆ ವರ್ಷದ ಗುರು. ಒಂದೇ ಮನೆಯಲ್ಲಿ ಹತ್ತು ಜನರಿದ್ದರೆ ಯಾರು ಎಂದು ಗೊಂದಲವಾಗುವುದಿಲ್ಲ, ಪಾದುಕೆ ಕಂಡ ಕೂಡಲೇ ಆ ಮನೆಯಲ್ಲಿ ಒಬ್ಬರಿಗೆ ಕಾಲು ನಡುಗಲು ಶುರುವಾಗುತ್ತದೆ. ಪಂಕ್ಚರ್ ಹಾಕುವವನು ಗುರುವಾಗಿದ್ದಾನೆ, ಸೂಲಗಿತ್ತಿ ಆಗಿದ್ದಾಳೆ, ಹನ್ನೊಂದು ವರ್ಷದ ಒಂದು ಹುಡುಗಿ ಆಗಿದ್ದಳು. ಏನು ಕೇಳಿದರೂ ಅವಳು ಸ್ವಲ್ಪ ಯೋಚಿಸಿ "ನನಗ ಗೊತ್ತಿಲ್ಲ" ಅನ್ನುತ್ತಿದ್ದಳು. ಅಂಥ ಒಳ್ಳೆಯ ವರ್ಷ ಮತ್ತೆ ಬರಲಿಲ್ಲ ಎಂದು ಹಳಬರು ಈಗಲೂ ಹೇಳುತ್ತಾರೆ. ಹುಣ್ಣಿಮೆ ಹತ್ತಿರ ಬಂದಂತೆ ಊರಿನ ಜನ ಹೊಸ್ತಿಲು ತೊಳೆಯುತ್ತಾರೆ, ಮಾತು ಬಿಟ್ಟ ಅಣ್ಣತಮ್ಮಂದಿರು ಮಾತಾಡುತ್ತಾರೆ. ಒಬ್ಬ ಸಾಹುಕಾರರು ಅಮೃತಶಿಲೆಯ ಮೆಟ್ಟಿಲು ಹಾಕಿಸಿ ಇಪ್ಪತ್ತು ವರ್ಷ ಕಾದರು. ಬೇಡವೆಂದು ಬೇರೆ ಊರಿನ ನೆಂಟರ ಮನೆಗೆ ಓಡಿದವರ ಹಿಂದೆ ಪಾದುಕೆ ಅಲ್ಲಿಗೂ ಹೋಗಿದೆ.

ಗುರುವಿಗೆ ಕೆಲಸ ದೊಡ್ಡದೇನಲ್ಲ. ಸಂಜೆ ಒಂದು ತಾಸು ಮಠದ ಕಟ್ಟೆಯ ಮೇಲೆ ಕೂರಬೇಕು. ಯಾರಾದರೂ ಬಂದು ಕೇಳಿದರೆ ತಿಳಿದದ್ದನ್ನು ಹೇಳಬೇಕು. ಆದರೆ ಅದಕ್ಕೂ ಮೊದಲು, ಹುಣ್ಣಿಮೆಯ ದಿನ ಹೊತ್ತು ಮುಳುಗುವುದರೊಳಗೆ, ನಮ್ಮ ಮನೆಯ ಹೆಂಗಸು ಅವರ ಪಾದಕ್ಕೆ ನೀರು ಹಾಕಬೇಕು. ಊರು ನಮ್ಮನ್ನು ನೀರಿನ ಮನೆಯವರು ಎಂದೇ ಕರೆಯುತ್ತದೆ. ನೀರು ಬಿದ್ದ ಪಾದದವರ ಮೇಲೆ ಒಂದು ವರ್ಷ ಯಾರೂ ಕೈ ಎತ್ತುವಂತಿಲ್ಲ. ನಾವು ನೀರು ಹಾಕದಿದ್ದರೆ ಪಾದುಕೆ ತಾವಾಗಿ ಮಠಕ್ಕೆ ಮರಳುತ್ತವೆ, ಊರು ಆ ವರ್ಷ ಗುರುವಿಲ್ಲದೆ ಇರುತ್ತದೆ.

"ಯಾರೋ ಬೇಕಂತ ಇಟ್ಟಿರಬೇಕು," ಅಂದೆ.

"ನಾನೂ ಹಂಗೇ ಅಂದ್ಕೊಂಡೆ," ಅಂದರು ಶರಭಯ್ಯ. "ವಾಪಸ್ ತಂದು ಒಳಗಿಟ್ಟು ಬೀಗ ಹಾಕಿದೆ. ಕೀಲಿ ಸೊಂಟದಾಗ ಸಿಗಿಸ್ಕೊಂಡು ಚಹಾ ಕುಡ್ಯಾಕ ಕುಂತೆ. ಲೋಟ ಕೆಳಗ ಇಡೂದ್ರಾಗ ಜನ ಬಂದ್ರು. ಮತ್ತ ಅಲ್ಲೇ ಅದಾವಂತ." ಸೊಂಟದ ಕೀಲಿಯನ್ನು ಮುಟ್ಟಿ ನೋಡಿಕೊಂಡರು. "ಅಜ್ಜ ಹಿಂಗ ಮಾಡಬಾರದಿತ್ತು."

ಎಪ್ಪತ್ತು ದಾಟಿದ ಶರಭಯ್ಯನವರು ಅಜ್ಜನ ಬಗ್ಗೆ ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅವರು ಹೋದ ಮೇಲೆ ನನ್ನ ಮೈದುನ ಚನ್ನವೀರ ಬಂದ. ಬಾಗಿಲಲ್ಲೇ ನಿಂತು, "ವೈನಿ, ನೀರು ಹಾಕಬ್ಯಾಡ. ಊರಿಗೆ ಊರೇ ನಿನ್ನ ಹಿಂದೈತಿ. ಕೊಡ ಒಯ್ದು ಬೋರಲು ಹಾಕಿ ಬಂದುಬಿಡು, ಅಷ್ಟ ಸಾಕು," ಅಂದ. ಅವನ ಹಿಂದೆ ಬೀದಿಯಲ್ಲಿ ಹೆಂಗಸರು ನಿಂತಿದ್ದರು. ಒಬ್ಬಿಬ್ಬರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ನಾನು ಹೂಂ ಅಂದೆ. ಬೇರೆ ಏನು ಅನ್ನಲಿ? ನನ್ನ ಕೈಗೆಲ್ಲ ಬೂದಿ ಮೆತ್ತಿತ್ತು, ತೊಳೆಯಬೇಕು ಅನ್ನುವುದೂ ಹೊಳೆಯಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಹಿತ್ತಲ ಬೇಲಿಯ ಆಚೆ ಯಾರೋ ಕೆಮ್ಮಿದರು. ಹೋಗಿ ನೋಡಿದರೆ ಓಬಳೇಶ.

ಎರಡು ವರ್ಷದ ಜೈಲು ಮುಗಿಸಿ ಬಂದ ಮೇಲೆ ಅವನು ಕೆರೆಯ ಆಚೆ ಕೊನೆಯ ಮನೆಯಲ್ಲಿ ಹಗ್ಗದ ಮಂಚ, ಹೊರಸು, ಹೆಣೆದುಕೊಂಡು ಒಬ್ಬನೇ ಇದ್ದ. ಜನ ಹರಿದ ಹೊರಸನ್ನು ಬಾಗಿಲ ಮುಂದೆ ಇಟ್ಟು ಬರುತ್ತಿದ್ದರು, ಎರಡು ದಿನ ಬಿಟ್ಟು ತರುತ್ತಿದ್ದರು. ಅವನೊಂದಿಗೆ ಮಾತಾಡುವವರಿರಲಿಲ್ಲ. ಒಂಬತ್ತು ವರ್ಷದಲ್ಲಿ ಅವನು ನಮ್ಮ ಬೀದಿಗೆ ಕಾಲಿಟ್ಟಿರಲಿಲ್ಲ. ಈಗ ಬೇಲಿಯ ಗೂಟ ಹಿಡಿದು ನಿಂತಿದ್ದ. ಕಾಲುಗಳು ಎಷ್ಟು ನಡುಗುತ್ತಿದ್ದವೆಂದರೆ ಗೂಟವೂ ಅಲುಗುತ್ತಿತ್ತು.

"ಅವ್ವಾರ, ನೀರು ಹಾಕಬ್ಯಾಡ್ರಿ," ಅಂದ.

"ಹಾಕ್ತೀನಿ ಅಂತ ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಆದ್ರ ನೀವು ಹಾಕಿಗೀಕಿ ಬಿಟ್ಟೀರಿ ಅಂತ ಅಂಜಿಕಿ ಆಗೇತಿ. ಮಠದ ಮರ್ಯಾದಿ, ಅಜ್ಜನ ಮಾತು ಅಂತ ನಾಕು ಜನ ನಿಮಗ ಹೇಳಬಹುದು. ನೀವು ದೊಡ್ಡ ಮನಸು ಮಾಡಬಹುದು. ಅದಕ್ಕ ಬಂದೆ." ಅವನು ಗೂಟವನ್ನು ಇನ್ನೊಂದು ಕೈಯಿಂದಲೂ ಹಿಡಿದ. "ನಿಮಗ ಗೊತ್ತಿಲ್ಲದ್ದು ಒಂದೈತ್ರಿ. ಕೋರ್ಟಿನ್ಯಾಗ ನಾ ಹೇಳಿದ್ದು ಸುಳ್ಳು."

ನಾನು ಬೇಲಿಯ ಹತ್ತಿರಕ್ಕೆ ಹೋದೆ.

"ಹುಡುಗಿ ರಸ್ತೆಗೆ ಅಡ್ಡ ಓಡಿ ಬಂತು ಅಂತ ಹೇಳಿದ್ದೆ. ವಕೀಲರು ಹಂಗ ಹೇಳಂದ್ರು, ಹೇಳಿದೆ. ಆಕಿ ಓಡಿ ಬರಲಿಲ್ರಿ. ರಸ್ತೆ ಬಿಟ್ಟು ಆ ಕಡೆ ಮಣ್ಣಿನ್ಯಾಗ ನಡಕೊಂಡು ಹೊಂಟಿದ್ಲು, ಸಾವಕಾಶ. ನಾ ಮುಂಜಾನೆನೇ ಕುಡಿದಿದ್ದೆ. ತಿರುವಿನ್ಯಾಗ ಗಾಡಿ ರಸ್ತೆ ಬಿಟ್ಟು ಆಕಿ ಇದ್ದಲ್ಲೇ ಹೋತು. ಆಕಿದು ಏನೂ ತಪ್ಪಿದ್ದಿಲ್ಲ. ಕೂದಲೆಳಿಯಷ್ಟೂ ಇದ್ದಿಲ್ಲ."

ನನಗೆ ಮೊದಲು ಆದದ್ದು ಕಿವಿ ಮುಚ್ಚಿಕೊಂಡಂತೆ. ಬೇಲಿಯ ಮೇಲೆ ಒಂದು ಅಳಿಲು ಬಾಯಿ ಅಲ್ಲಾಡಿಸುತ್ತಿತ್ತು, ಸದ್ದು ಕೇಳುತ್ತಿರಲಿಲ್ಲ. ಆಮೇಲೆ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ.

ಆ ಬೆಳಿಗ್ಗೆ ಅವಳನ್ನು ಮನೆಯಿಂದ ಹೊರಡಿಸಿದವಳು ನಾನು. ಬಸ್ಸಿಗೆ ಹೊತ್ತಾಗಿತ್ತು. ಅವಳು ಕನ್ನಡಿಯ ಮುಂದೆ ನಿಂತು ಜಡೆಯನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದಳು. ನಾನು ಪಡಸಾಲೆಯಿಂದ ಕೂಗಿದೆ, "ಓಡು, ಬಸ್ಸು ತಪ್ಪತೈತಿ, ಓಡು!" ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಕೂಗಿದ್ದೆ. ಕೋರ್ಟಿನಲ್ಲಿ ಓಬಳೇಶ "ಓಡಿ ಬಂದಳು" ಅಂದಾಗ ನನ್ನ ಗಂಡ ಈರಭದ್ರಪ್ಪ ಒಂದೇ ಒಂದು ಸಲ ತಿರುಗಿ ನನ್ನನ್ನು ನೋಡಿದರು. ಆಮೇಲೆ ಒಂಬತ್ತು ವರ್ಷ ಒಂದೇ ಮನೆಯಲ್ಲಿ ಇದ್ದೆವು. ಕರೆಂಟಿನ ಬಗ್ಗೆ, ಹಾಲಿನ ಬಗ್ಗೆ, ಮಳೆಯ ಬಗ್ಗೆ ಅವರು ಮಾತಾಡಿದರು. ಮಗಳ ಹೆಸರನ್ನು ನನ್ನ ಮುಂದೆ ಎತ್ತಲಿಲ್ಲ. ಎರಡು ವರ್ಷದ ಹಿಂದೆ ಮಾಘ ಮಾಸದಲ್ಲಿ ಅವರು ಹೋದರು. ಹೋಗುವ ಹಿಂದಿನ ದಿನ, ನಾನು ಗಂಜಿ ಕುಡಿಸುತ್ತಿದ್ದಾಗ, ಚಮಚವನ್ನು ಕೈಯಿಂದ ತಡೆದು ಹೇಳಿದರು: "ನೀ ಅವತ್ತು ಆಕಿನ್ನ ಓಡಿಸಬಾರದಿತ್ತು." ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಎರಡು ವರ್ಷ," ಅಂದೆ ನಾನು. ನನ್ನ ದನಿ ನನ್ನದೇ ಅನ್ನಿಸಲಿಲ್ಲ. "ಎರಡು ವರ್ಷ ಮೊದಲ ಹೇಳಿದ್ರ ನಿನ್ನ ಗಂಟೇನು ಹೋಕ್ಕಿತ್ತು?"

ಅವನಿಗೆ ಅರ್ಥವಾಗಲಿಲ್ಲ. ನಾನೇ ಹೇಳಿದೆ, ಎಲ್ಲವನ್ನೂ. ಓಡು ಅಂದದ್ದು, ಗಂಡ ತಿರುಗಿ ನೋಡಿದ್ದು, ಚಮಚ ತಡೆದದ್ದು. ಯಾರಿಗೂ ಹೇಳದ್ದನ್ನು ಹೊರಸು ಹೆಣೆಯುವ ಆ ಮನುಷ್ಯನಿಗೆ ಬೇಲಿಯ ಈಚೆ ಕೂತು ಹೇಳಿದೆ. ಅವನ ಮುಖ ನೋಡುತ್ತ ನೋಡುತ್ತ ಸುಣ್ಣದಂತಾಯಿತು. ತನ್ನ ಒಂದು ಸುಳ್ಳು ನಮ್ಮ ಮನೆಯೊಳಗೆ ಬಂದು ಏನು ಮಾಡಿತು ಎಂಬುದು ಅವನಿಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಗೂಟ ಬಿಟ್ಟು ನೆಲಕ್ಕೆ ಕೂತ.

ನಾನು ಕೇಳಿದೆ, "ಇದನ್ನ ಮಠದಾಗ ಎಲ್ಲಾರ ಮುಂದ ಹೇಳ್ತಿಯಾ?"

"ಹೇಳಿದ್ರ ಜನ ನನ್ನ ಬಿಡಂಗಿಲ್ರಿ."

"ನೀರು ಬಿದ್ದ ಪಾದ ಯಾರೂ ಮುಟ್ಟಂಗಿಲ್ಲ."

ಅವನು ತಲೆ ಎತ್ತಿದ. "ಹೇಳೂದು ನೀರು ಬಿದ್ದ ಮ್ಯಾಲೋ, ಮೊದಲೋ?"

ನಾನು ತಡಮಾಡದೆ ಹೇಳಿದೆ, "ಮೊದಲ."

ಅವನು ನನ್ನನ್ನೇ ನೋಡಿದ. ನೀರು ಹಾಕುತ್ತೇನೆ ಎಂದು ನಾನು ಹೇಳಿರಲಿಲ್ಲ. ಹಾಕುತ್ತೀರಾ ಎಂದು ಅವನು ಕೇಳಲೂ ಇಲ್ಲ. "ಹೂನ್ರಿ," ಅಂದು ಎದ್ದು ಕೆರೆಯ ಕಡೆ ಹೋದ.

ನಾಲ್ಕು ಗಂಟೆಗೆ ಮಠದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರತಿ ವರ್ಷ ಭಜನೆ ಇರುತ್ತದೆ, ಮಕ್ಕಳ ಗಲಾಟೆ ಇರುತ್ತದೆ. ಅವತ್ತು ತಾಳದ ಸದ್ದೂ ಇರಲಿಲ್ಲ. ಕಟ್ಟೆಯ ಮೇಲೆ ಬಾಳೆ ಎಲೆ ಹಾಸಿ ಪಾದುಕೆ ಇಟ್ಟಿದ್ದರು. ಅದರ ಹಿಂದಿನ ಕಲ್ಲಿನ ಮೇಲೆ ಓಬಳೇಶ ಕೂತಿದ್ದ, ಒಗೆದ ಅಂಗಿ ಹಾಕಿಕೊಂಡು. ಬರಿಗಾಲನ್ನು ಎಲೆಯ ಅಂಚಿನಲ್ಲಿ ಜೋಡಿಸಿ ಇಟ್ಟಿದ್ದ. ನಾನು ಕೊಡ ಹೊತ್ತು ಒಳಗೆ ಬಂದಾಗ ಜನ ದಾರಿ ಬಿಟ್ಟರು. ಬೆನ್ನ ಹಿಂದೆ ಯಾರೋ ಹೆಂಗಸು, "ಬೋರಲು ಹಾಕ್ತಾಳ ನೋಡ," ಅಂದಳು.

ಶರಭಯ್ಯ ಮಂತ್ರ ಶುರು ಮಾಡುವ ಮೊದಲೇ ಓಬಳೇಶ ಎದ್ದು ನಿಂತ. "ಒಂದು ಮಾತೈತಿ," ಅಂದ. ದನಿ ಸಣ್ಣದಿತ್ತು, ಆದರೆ ಸದ್ದಿಲ್ಲದ ಅಂಗಳದ ತುದಿಯವರೆಗೂ ಕೇಳಿಸಿತು. ಬೇಲಿಯ ಬಳಿ ನನಗೆ ಹೇಳಿದ್ದನ್ನೇ ಹೇಳಿದ. ಕುಡಿದದ್ದು, ರಸ್ತೆ ಬಿಟ್ಟದ್ದು. ಆಮೇಲೆ ನಾನು ಹೇಳು ಎಂದಿರದ ಒಂದು ಮಾತನ್ನು ಸೇರಿಸಿದ. "ಈರಭದ್ರಪ್ಪನೋರು ತಮ್ಮ ಹೆಣ್ತಿದು ತಪ್ಪು ಅಂತ ತಿಳಕೊಂಡು ಸತ್ರು. ಅವರನ್ನ ಹಂಗ ಸಾಯಿಸಿದಾವನೂ ನಾನ."

ಆಮೇಲೆ ಒಂದು ಚಪ್ಪಲಿ ಬಂದು ಅವನ ಬಾಯಿಗೆ ಬಡಿಯಿತು. ಚನ್ನವೀರ ಕಟ್ಟೆ ಹತ್ತಿ ಅವನ ಕುತ್ತಿಗೆಗೆ ಕೈ ಹಾಕಿ ಕಲ್ಲಿಗೆ ಒತ್ತಿದ. ಹಿಂದಿನಿಂದ ಗಂಡಸರು ನುಗ್ಗಿದರು. ಮುದುಕಿಯೊಬ್ಬಳು ಕೆಳಗೆ ಬಿದ್ದಳು. "ಮಠದಾಗ ಬ್ಯಾಡ್ರೋ! ಮಠದಾಗ ಬ್ಯಾಡ!" ಎಂದು ಶರಭಯ್ಯ ಕಿರುಚುತ್ತಿದ್ದರು. ನನ್ನ ಕಡೆ ತಿರುಗಿ, "ದಾನಮ್ಮ! ಹಾಕ್ತಿಯೋ ಇಲ್ಲೋ, ಒಂದು ಹೇಳು!" ಅಂದರು.

ನಾನು ಕೊಡ ಹಿಡಿದು ನಿಂತೇ ಇದ್ದೆ. ಎಷ್ಟು ಹೊತ್ತು ನಿಂತೆನೋ ತಿಳಿಯದು. ನಾನು ಸುಳ್ಳು ಹೇಳುವುದಿಲ್ಲ, ಅವನು ಅಲ್ಲೇ ಸಾಯಲಿ ಎಂದು ನನಗೆ ಅನ್ನಿಸಿತ್ತು. ಗಂಜಿಯ ಚಮಚ ಕಣ್ಣ ಮುಂದೆ ಇತ್ತು. ಚನ್ನವೀರನ ಬೆರಳುಗಳು ಬಿಗಿಯಾಗುವುದು ಕಾಣುತ್ತಿತ್ತು, ಓಬಳೇಶನ ತುಟಿಯಿಂದ ರಕ್ತ ಅಂಗಿಯ ಮೇಲೆ ಇಳಿಯುತ್ತಿತ್ತು. ಅವನು ಒದ್ದಾಡಲಿಲ್ಲ. ನನ್ನ ಕಡೆ ನೋಡಿ ಕಾಪಾಡಿ ಅನ್ನಲಿಲ್ಲ. ಕುತ್ತಿಗೆ ಅವರ ಕೈಯಲ್ಲಿದ್ದರೂ ಎರಡು ಪಾದಗಳನ್ನು ಮಾತ್ರ ಎಲೆಯ ಅಂಚಿನಲ್ಲಿ ಹಾಗೇ ಜೋಡಿಸಿ ಇಟ್ಟುಕೊಂಡಿದ್ದ. ಒಡೆದ ಹಿಮ್ಮಡಿಯ ಬಿರುಕಿನಲ್ಲಿ ಹಗ್ಗದ ನಾರು ಸಿಕ್ಕಿತ್ತು.

ಆ ಪಾದ ನೋಡುತ್ತಿದ್ದಾಗ ನನಗೆ ಒಂದು ಹೊಳೆಯಿತು. ನನ್ನ ಮಗಳನ್ನು ಕೊನೆಗೆ ನೋಡಿದ ಕಣ್ಣು ಇವನದು. ಇವನು ಹೋದರೆ ಅದೂ ಹೋಯಿತು. ಇಷ್ಟು ಹೇಳಿದವನ ಹತ್ತಿರ ಹೇಳುವುದು ಇನ್ನೂ ಉಳಿದಿರಬೇಕು.

ನಾನು ಮುಂದೆ ಹೋಗಿ ಕೊಡ ಬಗ್ಗಿಸಿದೆ.

ನೀರು ಮೊದಲು ಅವನ ಬಲಗಾಲಿನ ಮೇಲೆ ಬಿತ್ತು. ಆ ಕಾಲು ಬ್ರೇಕಿನ ಮೇಲೆ ಇರಬೇಕಾಗಿದ್ದ ಕಾಲು ಎಂಬುದು ನನಗೆ ಗೊತ್ತಿತ್ತು. ನನ್ನ ಕೈ ಹಿಂದೆ ಸರಿಯಲಿಲ್ಲ, ಅದೇ ನನಗೆ ಆಶ್ಚರ್ಯ. ಇಡೀ ಕೊಡ ಬರಿದಾಗುವವರೆಗೆ ಹಾಕಿದೆ. ನೀರಿನ ಸದ್ದಿಗೆ ಚನ್ನವೀರ ಕೆಳಗೆ ನೋಡಿದ. ಅವನ ಕೈ ಸಡಿಲವಾಯಿತು, ಸುಟ್ಟವನಂತೆ ಹಿಂದಕ್ಕೆ ಹಾರಿದ. "ವೈನಿ, ಏನು ಮಾಡಿದಿ?" ಅಂದ. ಅವನ ಕಣ್ಣಲ್ಲಿ ನಾನು ಕಂಡದ್ದು ಸಿಟ್ಟಲ್ಲ, ದಿಗಿಲು. ನಾನು ತಲೆ ಬಾಗಿಸಲಿಲ್ಲ, ತೀರ್ಥವನ್ನು ಕಣ್ಣಿಗೆ ಒತ್ತಿಕೊಳ್ಳಲಿಲ್ಲ. ಖಾಲಿ ಕೊಡ ಸೊಂಟಕ್ಕಿಟ್ಟು ಮನೆಗೆ ಬಂದೆ.

ಮರುದಿನ ನನ್ನ ಗಂಡನ ಸಮಾಧಿಗೆ ಹೋಗಿ ಎಲ್ಲವನ್ನೂ ಗಟ್ಟಿಯಾಗಿ ಹೇಳಿದೆ. ಅಲ್ಲಿ ಆಡು ಮೇಯಿಸುತ್ತಿದ್ದವಳು ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು. ಆ ವಾರವೆಲ್ಲ ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ಕೈ ಹಿಡಿದು ಅತ್ತರು. "ನಾವೂ ನಿನ್ನ ಬಗ್ಗೆ ಹಂಗೇ ಅಂದ್ಕೊಂಡಿದ್ವಿ, ದಾನಮ್ಮ." ನನಗೆ ಅದು ಎರಡನೆಯ ಆಘಾತ. ನನ್ನ ಎದೆಯೊಳಗೆ ಒಬ್ಬಳೇ ಇಟ್ಟುಕೊಂಡಿದ್ದೇನೆ ಎಂದು ತಿಳಿದದ್ದನ್ನು ಊರಿನ ಪ್ರತಿ ಮನೆಯೂ ಹನ್ನೊಂದು ವರ್ಷ ಅನ್ನದ ಜೊತೆ ಮಾತಾಡಿತ್ತು.

ಓಬಳೇಶ ದಿನಾ ಸಂಜೆ ಕಟ್ಟೆಗೆ ಬಂದು ಕೂರುತ್ತಿದ್ದ. ಮೊದಲ ಮೂರು ತಿಂಗಳು ಅವನ ಮುಂದೆ ಕೂತವರು ಯಾರೂ ಇಲ್ಲ. ಶರಭಯ್ಯ ಮುಖ ತಿರುಗಿಸಿಕೊಂಡೇ ದೀಪ ಹಚ್ಚುತ್ತಿದ್ದರು. ಆಮೇಲೆ, ದಸರೆ ಕಳೆದ ಮೇಲೆ, ರಿಟೈರ್ ಆದ ಹೈಸ್ಕೂಲು ಮೇಷ್ಟ್ರೊಬ್ಬರು ಹೋಗಿ ಕೂತರಂತೆ. ಏನೋ ಪಿಸುಗುಟ್ಟಿದರಂತೆ. ಓಬಳೇಶ, "ನಾ ಹನ್ನೊಂದು ವರ್ಷ ತಡ ಮಾಡಿದೆ. ನೀವು ಇವತ್ತ ಹೋಗ್ರಿ," ಅಂದನಂತೆ. ಮೇಷ್ಟ್ರು ಅಲ್ಲಿಂದ ನೇರ ಬಸ್ ಸ್ಟ್ಯಾಂಡಿಗೆ ನಡೆದರು. ಎಲ್ಲಿಗೆ ಹೋದರು, ಯಾರನ್ನು ನೋಡಿದರು ಎಂದು ಯಾರಿಗೂ ತಿಳಿಯಲಿಲ್ಲ. ಮೂರು ದಿನ ಬಿಟ್ಟು ಬಂದಾಗ ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು. ಆಮೇಲೆ ಜನ ಹೋಗತೊಡಗಿದರು. ಅವನು ಎಲ್ಲರಿಗೂ ಹೆಚ್ಚುಕಡಿಮೆ ಅದೊಂದನ್ನೇ ಹೇಳುತ್ತಿದ್ದನಂತೆ.

ಕ್ಷಮಿಸಿದಿಯಾ ಎಂದು ನನ್ನನ್ನು ಕೇಳಿದವರಿದ್ದಾರೆ. ಇಲ್ಲ. ಆ ಕಟ್ಟೆಯ ಕಡೆಗೆ ನಾನು ಹೋಗಲೇ ಇಲ್ಲ. ಒಂದು ಪ್ರಶ್ನೆ ಇತ್ತು, ಅದನ್ನು ಕೇಳಲು ಬಾಯಿ ಬರುತ್ತಿರಲಿಲ್ಲ.

ಮುಂದಿನ ಆಷಾಢದಲ್ಲಿ, ಹುಣ್ಣಿಮೆಯ ಮುನ್ನಾದಿನ, ಅವನ ಕೊನೆಯ ಸಂಜೆ ನಾನು ಹೋದೆ. ಸಾಲಿನಲ್ಲಿ ಏಳೆಂಟು ಜನರಿದ್ದರು. ನನ್ನನ್ನು ಕಂಡು ಎಲ್ಲರೂ ಎದ್ದು ದೂರ ಹೋದರು. ಅವನು ಪಾದುಕೆಯ ಮೇಲೆ ಕಾಲಿಟ್ಟು ಕೂತಿದ್ದ. ಅವು ಅವನಿಗೆ ಚಿಕ್ಕವು, ಹಿಮ್ಮಡಿ ಹೊರಗೆ ಚಾಚಿತ್ತು. ನಾನು ಎದುರಿಗೆ ಕೂತೆ.

"ಆಕಿ ಕಂಡಾಗ," ಅಂದೆ, "ಆಕಿ ಏನು ಮಾಡಾಕತ್ತಿದ್ಲು?"

ಅವನು ಕಣ್ಣು ಮುಚ್ಚಿದ. "ಬಾಯಿ ಅಲ್ಲಾಡ್ತಿತ್ರಿ," ಅಂದ. "ನಾ ಜೈಲಿನ್ಯಾಗ ಅದನ್ನ ಭಾಳ ವಿಚಾರ ಮಾಡೀನಿ. ನನ್ನ ಕೂಗಿದ್ಲೇನೋ ಅಂತ. ಆದ್ರ ಆಕಿ ಲಾರಿ ಕಡೆ ನೋಡಿದ್ದಿಲ್ಲ. ಕೈಯಾಗ ಏನೋ ಸಣ್ಣ ಕಡ್ಡಿ ಇತ್ತು. ಆಮ್ಯಾಲ ಅನ್ನಿಸ್ತು, ಹಾಡು ಹೇಳಾಕತ್ತಿರಬೇಕು, ಕಡ್ಡಿಲೆ ತಾಳ ಹಾಕಿಕೊಂತ."

ಕಡ್ಡಿ. ಆಮೇಲೆ ಏನಾಯಿತೋ ಗೊತ್ತಿಲ್ಲ, ನಗು ಬಂತು. ಹನ್ನೆರಡು ವರ್ಷದಲ್ಲಿ ಹಾಗೆ ನಕ್ಕಿರಲಿಲ್ಲ. ಜೋರಾಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಯುವಂತೆ ನಕ್ಕೆ. ದೂರ ನಿಂತಿದ್ದವರು ಬೆಚ್ಚಿ ತಿರುಗಿದರು, ಶರಭಯ್ಯ ದೀಪದ ಬತ್ತಿ ಕೈಯಲ್ಲೇ ಹಿಡಿದು ಓಡಿ ಬಂದರು.

"ಆಕಿಗೆ ಹಾಡಾಕ ಬರ್ತಿದ್ದಿಲ್ಲೋ," ಅಂದೆ. "ಕತ್ತಿ ಒದರಿದಂಗ ದನಿ ಆಕಿದು. ಚಿಗಳಿ ತಿನ್ನಾಕತ್ತಿದ್ಲು. ಹುಣಸಿ ಚಿಗಳಿ, ಕಡ್ಡಿಗೆ ಸಿಗಿಸಿದ್ದು. ಡಬ್ಬಿಯಿಂದ ಕದ್ದು ಒಯ್ದಾಳ, ಕಳ್ಳಿ. ನಾ ಓಡು ಅಂತ ಬಡಕೊಂಡ್ರ, ಬೀದಿ ತಿರುವಿನ ತನಕ ಓಡಿ, ಆಮ್ಯಾಲ ಚಿಗಳಿ ಚೀಪಿಕೊಂತ ಸಾವಕಾಶ ಹೊಂಟಾಳ. ಆಕಿಗೆ ಯಾವ ಬಸ್ಸಿನ ಚಿಂತಿನೂ ಇದ್ದಿಲ್ಲ."

ಓಬಳೇಶ ಅಳುತ್ತಿದ್ದ. ಮುಖ ಒರೆಸಿಕೊಳ್ಳಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ, ಹೆದರುತ್ತ ಹೆದರುತ್ತ ಕೇಳಿದ: "ಚಿಗಳಿ ಹೆಂಗ ಮಾಡ್ತಾರ್ರಿ? ನಮ್ಮನ್ಯಾಗ ಮಾಡಿದ್ದು ನಾ ನೋಡಿಲ್ಲ."

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡು ನೆಟ್ಟಗೆ ಕೂತೆ. ಹೊಸ ಹುಣಸೆಹಣ್ಣು ತಗೋಬೇಕು, ಬೀಜ, ನಾರು ತೆಗೀಬೇಕು ಅಂದೆ. ಬೆಲ್ಲ ಕರೀದೇ ಆಗಬೇಕು. ಒರಳಿಗೆ ಹಾಕಿ ಜೀರಿಗೆ ಜೊತೆ ಕುಟ್ಟಬೇಕು, ಕೈ ಸೋಲೋವರೆಗೆ ಕುಟ್ಟಬೇಕು, ಅವಸರ ಮಾಡಿದರೆ ಕಡ್ಡಿಗೆ ನಿಲ್ಲೋದಿಲ್ಲ. ಅವನು ಪಾದುಕೆಯ ಮೇಲೆ ಕಾಲಿಟ್ಟುಕೊಂಡು, ಮುಂದಕ್ಕೆ ಬಾಗಿ, ಒಂದೊಂದು ಮಾತಿಗೂ ತಲೆ ಆಡಿಸುತ್ತ ಕೇಳಿಸಿಕೊಂಡ. ಉಪ್ಪು ಎಲ್ಲರೂ ಒಂದು ಚಿಟಿಕೆ ಹಾಕ್ತಾರೆ ಅಂದೆ, ನಮ್ಮ ಇಂದುಮತಿಗೆ ಎರಡು ಬೇಕು.